ಜಾಜಿಕಾಯಿ, ಮಾಚಿಕಾಯಿ, ಸೀರಮ್ಮು

ನಾನು ಚೀಟಿಯಿಲ್ಲದೆ ಅಂಗಡಿಗೆ ಹೋಗುವವಳಲ್ಲ. ಅರ್ಧ ಲೀಟರ್ ಹಾಲು ತರಬೇಕಾದರೂ ‘ಹಾಲು, ಅರ್ಧ ಲೀಟರ್’ ಎಂದು ಬರೆದುಕೊಂಡೇ ಹೊರಡುತ್ತೇನೆ. ನಮ್ಮ ಯಜಮಾನರು ಇದನ್ನು ನೋಡಿ ನೋಡಿ, “ವಾಪಸ್ ಬರೋಕೆ ಮನೆ ಅಡ್ರೆಸ್ಸೂ ಬರ್ಕೊಂಡ್ಬುಡು” ಅನ್ನುತ್ತಾರೆ. ನಗುವವರು ನಗಲಿ. ಹೈಸ್ಕೂಲಿನಲ್ಲಿ ಇಪ್ಪತ್ತೇಳು ವರ್ಷದಿಂದ ವಿಜ್ಞಾನ ಪಾಠ ಮಾಡುತ್ತಿರುವ ನನಗೆ ಮರೆವಿನ ಕಾಯಿಲೆಯೇನೂ ಇಲ್ಲ. ನನಗಿರುವುದು ಭಯ. ಅಂಗಡಿಯವನ ಎದುರು ನಿಂತು ಒಂದು ಸಾಮಾನಿನ ಹೆಸರನ್ನು ಬಾಯಿಬಿಟ್ಟು ಹೇಳಬೇಕೆಂದರೆ ನಾಲಿಗೆ ಒಣಗುತ್ತದೆ. ನಾನು ಹೇಳಬೇಕಾದದ್ದು ಒಂದು, ಹೇಳುವುದು ಇನ್ನೊಂದು ಆಗಿಬಿಟ್ಟರೆ? ಒಂದು ಸಲ ಹಾಗೆ ಆಗಿತ್ತು. ಅದನ್ನು ಮೊನ್ನೆಮೊನ್ನೆಯವರೆಗೆ ಯಾರಿಗೂ ಹೇಳಿರಲಿಲ್ಲ. ನಿಮಗೆ ಹೇಳುವ ಧೈರ್ಯ ಬಂದದ್ದು ಕೂಡ ಒಂದು ಸಣ್ಣ ಗಾಜಿನ ಶೀಶೆಯ ದೆಸೆಯಿಂದ.

ಹೋದ ತಿಂಗಳು ಒಂದು ಭಾನುವಾರ ಪದ್ಮ ಚಿಕ್ಕಮ್ಮನ ವಾಯ್ಸ್ ಮೆಸೇಜು ಬಂತು. ಪದ್ಮ ಚಿಕ್ಕಮ್ಮ ನನ್ನ ತಾಯಿಯ ತಂಗಿ. ಅರವತ್ತೊಂದು ವರ್ಷ. ಮದುವೆಯಾಗಿಲ್ಲ. ಲಷ್ಕರ್ ಮೊಹಲ್ಲಾದಲ್ಲಿ ಮೂವತ್ತಾರು ವರ್ಷದಿಂದ ಬ್ಲೌಸ್ ಹೊಲಿಯುವ ಅಂಗಡಿ ಇಟ್ಟುಕೊಂಡಿದ್ದಾಳೆ. ಮದುವೆ ಹುಡುಗಿಯರು ಬನ್ನಿಮಂಟಪದಿಂದ, ಅದರಾಚೆಯಿಂದಲೂ ಅವಳನ್ನು ಹುಡುಕಿಕೊಂಡು ಬರುತ್ತಾರೆ. ಅವಳು ಟೈಪು ಮಾಡುವುದಿಲ್ಲ. ಮಿಷನ್ನು ತುಳಿಯುತ್ತಲೇ ಮಾತಾಡಿ ಕಳಿಸುತ್ತಾಳೆ, ಹಾಗಾಗಿ ಅವಳ ಎಲ್ಲ ಮೆಸೇಜಿಗೂ ಹಿಂದೆ ಗರಗರ ಸದ್ದು.

“ಸುಮಾ, ಸಿ ವಿಟಮಿನ್ ಸೀರಮ್ಮು ಅಂತ ಬಂದೈತಂತೆ ಕಣೆ. ಮದ್ವೆ ಹುಡ್ಗಿ ಒಬ್ಳು ತೋರಿಸಿದ್ಲು. ಕಣ್ಣಿಗೆ ಹಾಕೋ ಔಷ್ದಿ ಶೀಶೆ ಇರ್ತದಲ್ಲ, ಅಷ್ಟೇ ಐತೆ. ರೇಟು ಕೇಳಿದ್ರೆ ಎದೆ ಝಲ್ ಅಂತದೆ. ಮುಖದ್ ಕಲೆ ಹೋಯ್ತದಂತೆ. ತಗಳ್ಳೋದೋ ಬ್ಯಾಡವೋ ನೀನೇ ಹೇಳ್ಬುಡು. ನೀನು ಸೈನ್ಸ್ ಓದಿದೋಳು. ತಗೋ ಅಂದ್ರೆ ತಗತೀನಿ, ಬ್ಯಾಡ ಅಂದ್ರೆ ಬ್ಯಾಡ. ತರೋದಾದ್ರೆ ನೀನೇ ತಂದ್ಕೊಡು, ನಂಗೆ ಆ ಹೆಸರೆಲ್ಲ ಬಾಯಲ್ಲಿ ತಿರುಗಲ್ಲ.”

ಬೇರೆ ಯಾರಿಗಾದರೂ ಇದು ಸಂತೋಷ ಕೊಡುವ ಮಾತು. ಒಬ್ಬ ಹಿರಿಯಳು ನಂಬಿ ಕೇಳುತ್ತಿದ್ದಾಳೆ. ನಾನು ಮಾತ್ರ ‘ನೀನೇ ತಂದ್ಕೊಡು’ ಅನ್ನುವುದು ಕಿವಿಗೆ ಬಿದ್ದ ಕೂಡಲೇ ಫೋನನ್ನು ಬೋರಲು ಹಾಕಿಟ್ಟೆ. ಏಕೆಂದರೆ ಚಿಕ್ಕಮ್ಮನ ಎರಡೂ ಕೆನ್ನೆಗಳ ಮೇಲೆ ಹರಡಿರುವ ಆ ಕಂದು ಕಲೆಗಳನ್ನು ಮೊದಲ ಸಲ ತಂದುಕೊಟ್ಟವಳೂ ನಾನೇ. ಅದು ಅವಳಿಗೆ ಗೊತ್ತಿರಲಿಲ್ಲ.

ನೋಡುವವರು ಅದನ್ನು ಬಂಗು ಅನ್ನುತ್ತಾರೆ. ಬಂಗು ನಮ್ಮ ಮನೆಯ ಹೆಂಗಸರ ಪೈಕಿ ಅಪರೂಪವಲ್ಲ. ನನ್ನಮ್ಮನಿಗೆ ಬಾಣಂತನದಲ್ಲಿ ಬಂದಿತ್ತು, ನನಗೂ ಮೂಗಿನ ಮೇಲೆ ಒಂದಿಷ್ಟಿದೆ. ‘ಮುಖದಲ್ಲಿ ಕಳೆಯೇ ಇಲ್ಲ’ ಎಂದು ಯಾರಾದರೂ ಅಂದರೆ ನಮ್ಮಜ್ಜಿಗೆ ಸಿಟ್ಟು ಬರುತ್ತಿತ್ತು. ಹಳ್ಳಿಯಲ್ಲಿ ಗದ್ದೆ ಕಳೆ ಕಿತ್ತು ಕಿತ್ತು ಸೊಂಟ ಮುರಿದುಕೊಂಡು ಮೈಸೂರಿಗೆ ಬಂದವಳು ಅವಳು. “ಅಲ್ಲಿ ಕಳೆ ಕೀಳ್ತಿದ್ದೊ, ಇಲ್ಲಿ ಬಂದ್ರೆ ಕಳೆ ಇಲ್ಲ ಅಂತಾರೆ” ಅನ್ನುತ್ತಿದ್ದಳು. ಈಗ ಶೀಶೆಯ ಮೇಲೆ ಇಂಗ್ಲಿಷಿನಲ್ಲಿ ಬರೆದು ಮಾರುತ್ತಿರುವುದು ಅದೇ ಕಳೆಯನ್ನೇ. ವಿಷಯ ಬಿಟ್ಟು ಎಲ್ಲೆಲ್ಲೋ ಹೋಗುತ್ತಿದ್ದೇನೆ, ಗೊತ್ತು. ಹೇಳಬೇಕಾದದ್ದರ ಹತ್ತಿರ ಬಂದಾಗೆಲ್ಲ ನಾನು ಹೀಗೆ ಪಕ್ಕಕ್ಕೆ ಸರಿಯುತ್ತೇನೆ.

ನನಗಾಗ ಒಂಬತ್ತು ವರ್ಷ, ಚಿಕ್ಕಮ್ಮನಿಗೆ ಹತ್ತೊಂಬತ್ತು. ಅಮ್ಮ ನನ್ನ ತಮ್ಮನನ್ನು ಹೆತ್ತು ಬಾಣಂತನಕ್ಕೆ ಮಂಡಿ ಮೊಹಲ್ಲಾದ ಅಜ್ಜಿಯ ಮನೆಯಲ್ಲಿದ್ದಳು, ನಾನೂ ಜೊತೆಗಿದ್ದೆ. ಅದೊಂದು ವಠಾರ. ಮುಂದೆ ಬೆಲ್ಲದ ಮಂಡಿ, ಹಿಂದೆ ಹಿತ್ತಿಲು. ಬೆಳಿಗ್ಗೆ ಎದ್ದರೆ ಎರಡು ವಾಸನೆ: ಬೆಲ್ಲದ್ದು, ಮಗುವಿಗೆ ತೇಯುವ ಔಷಧಿಯದ್ದು. ಅಜ್ಜಿ ಮಗುವಿಗೆ ನೀರು ಹಾಕಿದ ಮೇಲೆ ಬಜೆ, ಅಳಲೆಕಾಯಿ, ಮಾಚಿಕಾಯಿ ಎಂದು ಒಂದೊಂದೇ ಹೆಸರು ಹೇಳುತ್ತ ತೇದು ನಾಲಿಗೆಗೆ ತೀಡುತ್ತಿದ್ದಳು. ನನ್ನ ತಮ್ಮ ಮುಖ ಕಿವುಚುವುದನ್ನು ನೋಡುವುದು ನನ್ನ ದಿನದ ಮೊದಲ ಸಂತೋಷ.

ಒಂದು ಭಾನುವಾರ ಚಿಕ್ಕಮ್ಮನನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ಅವಳ ಎಡಗೆನ್ನೆಯ ಮೇಲೆ ಹುಣಿಸೆಬೀಜದಷ್ಟು ಬಂಗು ಇತ್ತು. ಜಾಜಿಕಾಯಿಯನ್ನು ಕೆನೆಮೊಸರಿನಲ್ಲಿ ತೇದು ಹಚ್ಚಿದರೆ ಹೋಗುತ್ತದೆ ಎಂದು ಪಕ್ಕದ ಮನೆಯವರು ಹೇಳಿದ್ದರು. ಆದರೆ ಗುರುವಾರ ಅವಳು ಹೊರಗಾದಳು. ಹೊರಗಾದರೆ ಮೂರು ದಿನ ಹಿತ್ತಿಲ ಜಗಲಿಯಲ್ಲೇ ವಾಸ. ತೇಯುವ ಸಾಣೆಕಲ್ಲು ದೇವರ ಗೂಡಿನಲ್ಲಿ. ಅದನ್ನು ಅವಳು ಮುಟ್ಟುವಂತಿಲ್ಲ. ಕೇಳಿದರೆ ಅಜ್ಜಿ, “ಸುಮ್ಕೆ ಕೂತ್ಕೊ” ಎಂದು ಗದರುತ್ತಾಳೆ. ಅದಕ್ಕೇ ಅವಳು ನನ್ನನ್ನು ಹಿಡಿದಳು.

“ಗ್ರಂಧಿಗೆ ಅಂಗಡಿಗೆ ಹೋಗಿ ಜಾಜಿಕಾಯಿ ತಗಂಬಾ. ಜಜ್ಜಿಸ್ಕೊಂಡೇ ಬಾ, ನಂತಾವ ಕಲ್ಲಿಲ್ಲ. ಅಜ್ಜಿಗೆ ಹೇಳ್ಬ್ಯಾಡ” ಎಂದು ಎಂಟಾಣೆಯನ್ನು ನನ್ನತ್ತ ಎಸೆದಳು. ನಾನು ಅದರ ಮೇಲೆ ನೀರು ಚಿಮುಕಿಸಿ ಎತ್ತಿಕೊಂಡೆ. ಅಷ್ಟು ಶಾಸ್ತ್ರ ನನಗೂ ಗೊತ್ತಿತ್ತು.

ಬೇರು, ಕಾಯಿಗಳ ಔಷಧಿ ಸಾಮಾನು ಮಾರುವ ಆ ಗ್ರಂಧಿಗೆ ಅಂಗಡಿಗೆ ಮನೆಯಿಂದ ಇನ್ನೂರು ಹೆಜ್ಜೆ ಇರಬಹುದು. ನಡುವೆ ಒಂದು ಎತ್ತು. ಬೆಲ್ಲದ ಗಾಡಿಗೆ ಕಟ್ಟುವ ಒಂಟಿ ಕೊಂಬಿನ ಎತ್ತು ಅದು, ಮಂಡಿಯ ಕಂಬಕ್ಕೆ ಬಿಗಿದಿರುತ್ತಿದ್ದರು. ಅದು ಯಾರನ್ನೂ ತಿವಿದದ್ದನ್ನು ನಾನು ಕಂಡವಳಲ್ಲ. ಆದರೂ ಅದು ತಲೆಯೆತ್ತಿ ನೋಡಿದರೆ ನನಗೆ ಉಚ್ಚೆ ಬಂದಂತಾಗುತ್ತಿತ್ತು. ಜಾಜಿಕಾಯಿ ಜಾಜಿಕಾಯಿ ಎಂದು ಗುನುಗುತ್ತಾ ಹೋದವಳು ಎತ್ತಿನ ಹತ್ತಿರ ಬಂದಾಗ ಬಾಯಿ ಮುಚ್ಚಿಕೊಂಡು ಓಡಿದೆ. ಅಂಗಡಿಯ ಮುಂದೆ ನಿಂತಾಗ ಏದುಸಿರು. ಅಂಗಡಿಯವರು, “ಏನ್ ಬೇಕು ಮಗಾ?” ಅಂದರು. ನನ್ನ ಬಾಯಿಂದ ಬಂದದ್ದು, ದಿನಾ ಬೆಳಿಗ್ಗೆ ಕೇಳಿ ಕೇಳಿ ಕಿವಿಯಲ್ಲಿ ಕೂತಿದ್ದ ಮಾತು. “ಮಾಚಿಕಾಯಿ.”

“ಮಗೂಗಾ?” ಅಂದರು. ನಾನು ಹೂಂ ಎಂದು ತಲೆಯಾಡಿಸಿದೆ. ಜಜ್ಜಿ, ಪೊಟ್ಟಣ ಕಟ್ಟಿ ಕೊಟ್ಟರು.

ಅರ್ಧ ದಾರಿಯಲ್ಲಿ ಅನುಮಾನ ಬಂತು. ಜಾಜಿ ಅಂದೆನೋ ಮಾಚಿ ಅಂದೆನೋ? ಇದನ್ನು ನಾನು ನಿಮ್ಮಿಂದ ಮುಚ್ಚಿಡುವುದಿಲ್ಲ. ಅನುಮಾನ ಬಂದದ್ದು ನಿಜ. ಹಿಂತಿರುಗಿ ಹೋಗಿ ಕೇಳಬಹುದಿತ್ತು. ಆದರೆ ಆಗಷ್ಟೇ ಎತ್ತನ್ನು ದಾಟಿ ಬಂದಿದ್ದೆ. ಮತ್ತೆ ಎರಡು ಸಲ ದಾಟಬೇಕಾಗುತ್ತಿತ್ತು.

ಪೊಟ್ಟಣವನ್ನು ದೂರದಿಂದ ಎಸೆದೆ. ಮುಸ್ಸಂಜೆ. ಚಿಕ್ಕಮ್ಮ ಬಿಚ್ಚಿ ಮೂಸಿ ನೋಡಿ, “ವಾಸ್ನೇನೇ ಇಲ್ವಲ್ಲೇ?” ಅಂದಳು.

“ಹಳೇದಂತೆ” ಅಂದೆ.

ನಾಲಿಗೆ ತಪ್ಪಿದ್ದು ಭಯಕ್ಕೆ, ಅದನ್ನು ಯಾರಾದರೂ ಮನ್ನಿಸಿಯಾರು. ಆದರೆ ಅಂಗಡಿಯವರು ಹೇಳದೇ ಇದ್ದ ಆ ‘ಹಳೇದಂತೆ’ ನನ್ನ ಸ್ವಂತದ್ದು.

ಹಿತ್ತಿಲಲ್ಲಿ ತೂತುಬಿದ್ದ ಒಂದು ಕಬ್ಬಿಣದ ದೋಸೆಹೆಂಚು ತುಕ್ಕು ಹಿಡಿದು ಬಿದ್ದಿತ್ತು. ಅದನ್ನು ಮುಟ್ಟಲು ಯಾರ ಅಡ್ಡಿಯೂ ಇರಲಿಲ್ಲ. ಚಿಕ್ಕಮ್ಮ ಅದನ್ನೇ ಬೋರಲು ಹಾಕಿ, ಊಟದಲ್ಲಿ ಉಳಿಸಿಕೊಂಡಿದ್ದ ಕೆನೆಮೊಸರು ಬಿಟ್ಟು, ಜಜ್ಜಿದ ಚೂರುಗಳನ್ನು ಕೈಗೆ ಸಿಕ್ಕ ಬೆಣಚುಕಲ್ಲಿನಿಂದ ಅರೆದಳು. ಬೆಳಕು ಸಾಲದೆ ಬಣ್ಣ ಕಾಣಲಿಲ್ಲ. ಒಂದು ಕೆನ್ನೆಗೆ ಹಚ್ಚಿದ್ದು ಮಿಕ್ಕಿತೆಂದು ಇನ್ನೊಂದು ಕೆನ್ನೆಗೂ ಬಳಿದುಕೊಂಡು ಮಲಗಿದಳು.

ಬೆಳಿಗ್ಗೆ ಅವಳ ಮುಖ ಶಾಯಿ ಚೆಲ್ಲಿದ ಹಾಗೆ ನೀಲಿಗಪ್ಪಾಗಿತ್ತು. ತೊಳೆದರೆ ಹೋಗಲಿಲ್ಲ. ಸೀಗೆಪುಡಿ ಹಾಕಿ ಉಜ್ಜಿದರೂ ಹೋಗಲಿಲ್ಲ. ಅವಳು ಅಳುವ ಸದ್ದಿಗೆ ಎದ್ದು ಬಂದ ಅಜ್ಜಿ, ಮುಖ ನೋಡಿ, ಹೆಂಚು ನೋಡಿ, “ಹೊರಗಾದೋಳು ಔಷ್ದಿ ಮುಟ್ಟಿದ್ರೆ ಇನ್ನೇನಾಯ್ತದೆ? ಮುಟ್ಟು ತಿರುಗ್ಕೊಂಡದೆ” ಅಂದಳು. ನಾನು ಬಾಗಿಲ ಹಿಂದೆ ನಿಂತಿದ್ದೆ. ಯಾರೂ ನನ್ನನ್ನು ಕೇಳಲಿಲ್ಲ. ಕೇಳದಿರಲಿ ಎಂದು ನಾನು ಉಸಿರು ಬಿಗಿಹಿಡಿದಿದ್ದೆ.

ನಿಂಬೆಹಣ್ಣು ತಂದರು. ಒಂದರ ಮೇಲೊಂದು ಹೋಳು ತಿಕ್ಕಿದರು. ಅವಳು ಮನೆಯೊಳಗೆ ಬರುವಂತಿಲ್ಲವಲ್ಲ, ಇಡೀ ದಿನ ನಿಂಬೆರಸ ಮೆತ್ತಿಕೊಂಡು ಹಿತ್ತಿಲ ಬಿಸಿಲಿನಲ್ಲೇ ಕೂತಿದ್ದಳು. ಕಪ್ಪು ಹೋಯಿತು. ಮಾರನೆಯ ದಿನ ಕೆನ್ನೆ ಕೆಂಪಗೆ ಊದಿ ಗುಳ್ಳೆ ಎದ್ದವು. ಭಾನುವಾರ ಗಂಡಿನ ಕಡೆಯವರು ಬಂದರು, ಉಪ್ಪಿಟ್ಟು ತಿಂದರು, ಹುಡುಗಿಯ ಮುಖವನ್ನು ನೋಡಿ ನೋಡದ ಹಾಗೆ ಕಾಫಿ ಕುಡಿದು ಹೋದರು. ಗುಳ್ಳೆ ಒಣಗಿದ ಕಡೆ ಕಂದು ಕಲೆ ನಿಂತಿತು. ಅದು ಇನ್ನೂ ನಿಂತಿದೆ.

ಆಮೇಲೂ ನೋಡಲು ಬಂದವರಿದ್ದರು, ಒಪ್ಪಿದವರಿದ್ದರು, ಚಿಕ್ಕಮ್ಮನೇ ಒಲ್ಲೆ ಅಂದವರಿದ್ದರು. ಅವಳಿಗೆ ಮದುವೆ ಆಗದ್ದಕ್ಕೆಲ್ಲ ನನ್ನ ಒಂದು ಕಾಯಿಯೇ ಕಾರಣ ಅಂದುಕೊಳ್ಳುವಷ್ಟು ಜಂಬ ನನಗಿಲ್ಲ. ಕಲೆಗಿಂತ ನನ್ನನ್ನು ಹೆಚ್ಚು ಹೆದರಿಸಿದ್ದು ಇನ್ನೊಂದು. ಅಜ್ಜಿಯ ಮಾತು ಚಿಕ್ಕಮ್ಮನಲ್ಲಿ ಕೂತುಬಿಟ್ಟಿತು. ಮುಟ್ಟಬಾರದಾಗ ಮುಟ್ಟಿದ್ದಕ್ಕೇ ತನಗೆ ಹೀಗಾಯಿತು ಎಂದು ಅವಳು ಪೂರ್ತಿ ನಂಬಿದಳು. ಅಂಗಡಿ ಹಾಕಿದ ಮೇಲೆ ಪ್ರತಿ ತಿಂಗಳು ಮೂರು ದಿನ ಬಾಗಿಲು ಮುಚ್ಚುತ್ತಿದ್ದಳು. ‘ಮೂರು ದಿನ ರಜೆ’ ಎಂದು ಬರೆದ ರಟ್ಟಿನ ತುಂಡನ್ನು ಮೊಳೆಗೆ ನೇತುಹಾಕಿ ಹೋಗುತ್ತಿದ್ದಳು. ಎದುರಿನ ಅಂಗಡಿಯ ಗಂಡಸರಿಗೆ ಆ ರಟ್ಟಿನ ಅರ್ಥ ಗೊತ್ತಿತ್ತು, ಅವರು ನಗುತ್ತಿದ್ದುದು ಅವಳಿಗೂ ಗೊತ್ತಿತ್ತು. ಲಗ್ನದ ದಿನಗಳಲ್ಲಿ ಹುಡುಗಿಯರು ಬಂದು ರಟ್ಟು ನೋಡಿ ಬೇರೆ ಕಡೆ ಹೋಗುತ್ತಿದ್ದರು. “ಮದ್ವೆ ಬಟ್ಟೆ ಕಣೆ, ಆ ಹುಡ್ಗೀರ್ಗೆ ನನ್ ಗತಿ ಬರ್ಬಾರ್ದು” ಅನ್ನುತ್ತಿದ್ದಳು. ಐವತ್ತು ದಾಟಿ ಮುಟ್ಟು ನಿಂತ ಮೇಲೆಯೇ ಆ ರಟ್ಟು ಇಳಿದದ್ದು. ನಾನು ದೊಡ್ಡವಳಾದಾಗ ನನಗೂ ಅವಳೇ ಹೇಳಿಕೊಟ್ಟಳು, ಏನೇನು ಮುಟ್ಟಬಾರದು ಎಂದು. ತನ್ನ ಕೆನ್ನೆ ತೋರಿಸಿ ಹೇಳಿಕೊಟ್ಟಳು.

ಆಗೆಲ್ಲ ನನಗೂ ನಿಜ ಪೂರ್ತಿ ಗೊತ್ತಿರಲಿಲ್ಲ ಅಂದುಕೊಳ್ಳುವಿರೇನೋ. ಪಿಯುಸಿಯ ಲ್ಯಾಬಿನಲ್ಲಿ ಗೊತ್ತಾಯಿತು. ಲೆಕ್ಚರರು ಒಂದು ಗಾಜಿನ ನಳಿಕೆಯಲ್ಲಿ ಕಂದು ನೀರು ಹಿಡಿದು, ಕಬ್ಬಿಣದ ದ್ರಾವಣ ಎರಡು ಹನಿ ಬಿಟ್ಟರು. ನೀಲಿಗಪ್ಪಾಯಿತು. “ಹಿಂದಿನ ಕಾಲದಲ್ಲಿ ಶಾಯಿ ಹೀಗೇ ಮಾಡ್ತಿದ್ರು. ಇದು ಮಾಚಿಕಾಯಿ ಕಷಾಯ” ಅಂದರು. ಹುಡುಗಿಯರೆಲ್ಲ ಬಗ್ಗಿ ನೋಡಿದರು. ನಾನು ಸ್ಟೂಲಿನ ಮೇಲೆ ಕೂತುಬಿಟ್ಟೆ. ಚಿಕ್ಕಮ್ಮ ಅವತ್ತು ಹೆಂಚಿನ ಮೇಲೆ ಶಾಯಿ ಅರೆದು ಮುಖಕ್ಕೆ ಹಚ್ಚಿಕೊಂಡಿದ್ದಳು, ಅಷ್ಟೆ. ಮುಟ್ಟಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ. ಆ ಸಂಜೆಯೇ ಹೋಗಿ ಹೇಳಬೇಕೆಂದು ಲಷ್ಕರ್ ಮೊಹಲ್ಲಾದವರೆಗೆ ನಡೆದೆ. ಬಾಗಿಲಲ್ಲಿ ರಟ್ಟು ನೇತಾಡುತ್ತಿತ್ತು. ವಾಪಸ್ ಬಂದೆ. ಆಮೇಲೆ ಹೇಳೋಣ ಅಂದುಕೊಂಡೆ. ಆ ಆಮೇಲೆಗೆ ಮೂವತ್ತನಾಲ್ಕು ವರ್ಷವಾಯಿತು.

ಇಂಥ ನನ್ನನ್ನು ಅವಳು ಸೀರಮ್ ತಗೊಳ್ಳಲೇ ಬೇಡವೇ ಎಂದು ಕೇಳುತ್ತಿದ್ದಾಳೆ. ಸುಲಭದ ದಾರಿ ಒಂದಿತ್ತು. ‘ಬೇಡ ಚಿಕ್ಕಮ್ಮ, ಅದೆಲ್ಲ ದುಡ್ಡು ಕೀಳೋ ಉಪಾಯ’ ಎಂದು ಟೈಪು ಮಾಡಿಯೂ ಮಾಡಿದೆ. ಓದಿ ನೋಡಿದರೆ ಅದು ‘ಹಳೇದಂತೆ’ ಅಂದ ಹಾಗೇ ಕೇಳಿಸಿತು. ಅಳಿಸಿದೆ. ಫೋನು ಮಾಡಿ, ಚರ್ಮದ ಡಾಕ್ಟರ ಹತ್ತಿರ ಹೋಗೋಣ ಬಾ ಅಂದರೆ, “ಅಷ್ಟೊರ್ಷದ ಕಲೆ ನೋಡಿ ಅವ್ರು ಏನೇನ್ ಕೇಳ್ತಾರೋ” ಎಂದು ಬರಲೊಪ್ಪಲಿಲ್ಲ. ಈಗ ಯಾಕೆ ಇದ್ದಕ್ಕಿದ್ದ ಹಾಗೆ ಎಂದು ಕೇಳಿದೆ.

“ಮದ್ವೆ ಹುಡ್ಗೀರು ಬ್ಲೌಸ್ ಹಾಕ್ಕಂಡು, ಆಂಟಿ ಬನ್ನಿ ಸೆಲ್ಫಿ ಅಂತಾರೆ. ನಾನು ಟೇಪು ಎತ್ತಿ ಮುಖಕ್ಕೆ ಅಡ್ಡ ಹಿಡೀತೀನಿ. ಎಲ್ರೂ ತಮಾಷೆ ಅಂದ್ಕತಾರೆ. ಇನ್ನೆಷ್ಟೊರ್ಷ ಟೇಪು ಹಿಡ್ಕಳ್ಳಲಿ” ಅಂದಳು.

ಇದನ್ನು ಕೇಳಿದ ಮೇಲೆ ಬೇಡ ಅನ್ನಲು ನನಗೆ ಬಾಯಿ ಬರಲಿಲ್ಲ.

ಅರಸು ರಸ್ತೆಯ ದೊಡ್ಡ ಅಂಗಡಿಗೆ ಹೋದೆ. ಹೆಸರು, ಪ್ರಮಾಣ, ಡಬ್ಬಿಯ ಬಣ್ಣ ಎಲ್ಲ ಬರೆದ ಚೀಟಿ ಕೈಯಲ್ಲಿ. ಕೌಂಟರಿನ ಹುಡುಗಿ ಶೀಶೆ ತೆಗೆದಿಟ್ಟು, “ನಿಮಗಾ ಮೇಡಂ?” ಅಂದಳು. ‘ಮಗೂಗಾ?’ ಅಂದ ದನಿ ಎಲ್ಲಿಂದಲೋ ಕೇಳಿಸಿತು. ಈ ಸಲ ತಲೆಯಾಡಿಸಲಿಲ್ಲ. “ಅಲ್ಲ, ನಮ್ಮ ಚಿಕ್ಕಮ್ಮನಿಗೆ. ಅರವತ್ತೊಂದು ವರ್ಷ. ಹಳೇ ಕಲೆ” ಎಂದು ಪೊಲೀಸರಿಗೆ ಹೇಳಿಕೆ ಕೊಡುವವಳಂತೆ ಒಪ್ಪಿಸಿದೆ.

“ಹಳೇ ಕಲೆ ಪೂರ್ತಿ ಹೋಗುತ್ತೆ ಅಂತ ನಾನು ಹೇಳಲ್ಲ ಮೇಡಂ. ಸ್ವಲ್ಪ ತಿಳಿಯಾಗಬಹುದು. ಮೊದಲು ಕಿವಿ ಹಿಂದೆ ಹಾಕಿ ನೋಡಿ, ಉರಿ ಬಂದ್ರೆ ಬಿಟ್ಬಿಡಿ. ಬಣ್ಣ ಕಿತ್ತಳೆಗೆ ತಿರುಗಿದ್ರೆ ಬಿಸಾಕಿ. ಇದನ್ನ ಹಾಕ್ಕೊಂಡು ಸುಮ್ಮನೆ ಬಿಸಿಲಿಗೆ ಹೋಗ್ಬೇಡಿ, ಮೇಲೆ ಸನ್‌ಸ್ಕ್ರೀನ್ ಬೇಕೇ ಬೇಕು.”

ಬಿಸಿಲು ಅಂದಾಗ ನನಗೆ ಹಿತ್ತಿಲ ಜಗಲಿ ಕಂಡಿತು. “ಎಷ್ಟು ಹೊತ್ತಿನ ಬಿಸಿಲು? ಸಂಜೆ ಬಿಸಿಲಾದರೂ? ಕಿಟಕಿಯಿಂದ ಬಂದರೆ?” ಎಂದು ನಾನು ಕೇಳಿದ ಪ್ರಶ್ನೆಗಳಿಗೆ ಪಾಪ ಆ ಹುಡುಗಿ ಉತ್ತರ ಕೊಟ್ಟೂ ಕೊಟ್ಟೂ ಕೊನೆಗೆ ನೀರು ಕುಡಿದಳು. ದುಡ್ಡು ಕೊಟ್ಟೆ. ಅಷ್ಟು ದುಡ್ಡಿಗೆ ಚಿಕ್ಕಮ್ಮ ಆರು ಕಸೂತಿ ಬ್ಲೌಸು ಹೊಲಿಯಬೇಕು. ಆದರೆ ನಿಜ ಹೇಳುತ್ತೇನೆ, ಬೆಲೆ ನನ್ನನ್ನು ಹೆದರಿಸಿರಲಿಲ್ಲ. ಅದು ಇನ್ನೂ ಜಾಸ್ತಿ ಇದ್ದಿದ್ದರೆ ಬೇಡ ಅನ್ನಲು ಒಂದು ನೆಪವಾದರೂ ಸಿಗುತ್ತಿತ್ತು ಅಂದುಕೊಂಡೆ.

ಮೂರು ದಿನ ನನ್ನ ಕಿವಿಯ ಹಿಂದೆಯೇ ಹಾಕಿಕೊಂಡೆ. ಗಳಿಗೆಗೊಮ್ಮೆ ಮುಟ್ಟಿ ನೋಡುವುದು, ಕೈಗನ್ನಡಿ ಹಿಡಿದು ಕತ್ತು ತಿರುಚುವುದು. ತುರಿಸಿದರೆ ಸೀರಮ್ಮೋ ಸೊಳ್ಳೆಯೋ ಎಂಬ ಚಿಂತೆ. ಯಜಮಾನರು, “ಕಿವಿ ಹಿಂದೆ ಫಳಫಳ ಅಂತಿದೆ. ಮುಂದುಗಡೆದು ಯಾವಾಗ?” ಎಂದು ಕೇಳಿದರು. ನನ್ನ ಚರ್ಮಕ್ಕೆ ಏನೂ ಆಗಲಿಲ್ಲ. ಅದರಿಂದ ಅವಳ ಚರ್ಮಕ್ಕೂ ಆಗುವುದಿಲ್ಲ ಎಂದು ಹೇಳಲಾಗದು ಎನ್ನುವಷ್ಟು ವಿಜ್ಞಾನ ನನಗೆ ಗೊತ್ತು. ಆದರೂ ಮೊದಲ ಪೆಟ್ಟು ನನಗೇ ಬೀಳಲಿ ಅನ್ನಿಸಿತ್ತು.

ನಾಲ್ಕನೆಯ ದಿನ ಶಾಲೆ ಮುಗಿಸಿ ಲಷ್ಕರ್ ಮೊಹಲ್ಲಾಕ್ಕೆ ಹೋದೆ. ಚಿಕ್ಕಮ್ಮ ಒಬ್ಬಳೇ ಕೂತು ತೋಳಿನ ಅಂಚು ಹೊಲಿಯುತ್ತಿದ್ದಳು. ಶೀಶೆ ಕೊಟ್ಟೆ. ಕನ್ನಡಕ ಏರಿಸಿಕೊಂಡು ತಿರುಗಿಸಿ ತಿರುಗಿಸಿ ನೋಡಿ, “ಇದೇನಾ ಅದು? ಸರ್ಯಾಗ್ ತಂದಿದ್ದೀಯ ತಾನೇ?” ಅಂದಳು. ನಾನು ಚೀಟಿಯನ್ನೂ ಕೊಟ್ಟೆ. ಅವಳು ಎರಡನ್ನೂ ಪಕ್ಕಪಕ್ಕ ಹಿಡಿದು, ಬೆರಳಿಟ್ಟು, ಒಂದೊಂದೇ ಇಂಗ್ಲಿಷ್ ಅಕ್ಷರ ಹೋಲಿಸಿದಳು. ಆಮೇಲೆ ನಗುತ್ತಾ, “ಅದ್ಯಾಕೆ ನೀನು ಯಾವಾಗ್ಲೂ ಚೀಟಿ ಹಿಡ್ಕಂಡೇ ಓಡಾಡ್ತೀಯ?” ಅಂದಳು.

ಮರೆವು ಅನ್ನಬಹುದಿತ್ತು. ಬಾಯಿಗೂ ಬಂದಿತ್ತು. ಆದರೆ ಅವಳು ಶೀಶೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು, ನನ್ನ ಮಾತು ನಂಬಿ ಇನ್ನೇನು ಕೆನ್ನೆಗೆ ಹಾಕಿಕೊಳ್ಳುವವಳಿದ್ದಳು. ಹಾಗೇ ಹೇಳಿಬಿಟ್ಟೆ. ಎಂಟಾಣೆಯಿಂದ ಹಿಡಿದು ಎತ್ತು, ಮಾಚಿಕಾಯಿ, ‘ಹಳೇದಂತೆ’, ಹೆಂಚಿನ ತುಕ್ಕು, ಲ್ಯಾಬಿನ ನಳಿಕೆ, ಎಲ್ಲ. ಹೇಳುವಾಗ ನೆಲ ನೋಡುತ್ತಿದ್ದೆ. ನೆಲದ ಮೇಲೆ ಬಣ್ಣಬಣ್ಣದ ಚಿಂದಿ ಬಿದ್ದಿದ್ದವು.

ಅವಳು ಬೆರಳಿನಿಂದ ತನ್ನ ಎಡಗೆನ್ನೆ ಮುಟ್ಟಿಕೊಂಡಳು.

“ಹಂಗಾರೆ ನಾನ್ ಮುಟ್ಟಿದ್ದಕ್ಕಲ್ಲ” ಅಂದಳು.

“ಅಲ್ಲ ಚಿಕ್ಕಮ್ಮ. ಅಜ್ಜಿ ಮಡಿಯಲ್ಲಿ ಆ ಹೆಂಚಿನ ಮೇಲೆ ಅರೆದಿದ್ರೂ ಕಪ್ಪಾಗ್ತಿತ್ತು.”

ಅವಳು ಬಾಗಿಲ ಕಡೆ ನೋಡಿದಳು. ರಟ್ಟು ಹೋಗಿ ಹತ್ತು ವರ್ಷವಾದರೂ ಮೊಳೆ ಹಾಗೇ ಇತ್ತು.

“ನಿಂಗ್ಯಾವಾಗ್ ಗೊತ್ತಾಯ್ತು?”

“ಪಿಯುಸಿಲಿ.”

“ಪಿಯುಸಿಲಿ” ಎಂದು ಅವಳೂ ಅಂದಳು. “ಆಗಿನ್ನೂ ಅಂಗಡಿ ಹಾಕಿ ಎರಡೊರ್ಷ ನಂಗೆ.”

ನಾನು ಅಳತೊಡಗಿದ್ದೆ. ಅವಳು ಅಳಲಿಲ್ಲ. ದನಿಯನ್ನೂ ಏರಿಸಲಿಲ್ಲ. ದಾರವನ್ನು ಹಲ್ಲಿನಲ್ಲಿ ಕಡಿದು, ಸೂಜಿಯನ್ನು ಸೆರಗಿಗೆ ಚುಚ್ಚಿಕೊಂಡು ಹೇಳಿದಳು:

“ಒಂಬತ್ತೊರ್ಷದ ಮಗೀನ ಬಯ್ಯೋಕಾಯ್ತದಾ? ಎತ್ತು ಕಂಡು ಹೆದರ್ಕಂಡಿತ್ತು, ಬಾಯಿ ತಪ್ತು, ಬುಡು. ಪಿಯುಸಿ ಓದಿ, ಟೀಚರಾಗಿ, ಮೂವತ್ತೊರ್ಷ ಈ ಬಾಗ್ಲಿಗೆ ಬಂದು ಹೋಗ್ತಿದ್ಲಲ್ಲ, ಅವ್ಳು ಯಾವ ಎತ್ತಿಗೆ ಹೆದರ್ಕಂಡಿದ್ಲು?”



ಅವಳು ಎದ್ದು ಹೋಗಿ, ಮದುವೆ ಹುಡುಗಿಯರು ನಿಲ್ಲುವ ಆಳುದ್ದದ ಕನ್ನಡಿಯ ಮುಂದೆ ಸ್ಟೂಲು ಎಳೆದುಕೊಂಡು ಕೂತಳು. ಕೊರಳಲ್ಲಿದ್ದ ಟೇಪು ತೆಗೆದು ಪಕ್ಕಕ್ಕಿಟ್ಟಳು. ಶೀಶೆಯನ್ನು ನನ್ನ ಕಡೆಗೆ ಚಾಚಿ, “ಹಚ್ಚು” ಅಂದಳು.

“ಮೊದ್ಲು ಕಿವಿ ಹಿಂದೆ ಹಾಕಿ ನೋಡ್ಬೇಕು ಚಿಕ್ಕಮ್ಮ.”

“ಅಲ್ಲೇ ಹಚ್ಚು. ಆದ್ರೆ ನೀನೇ ಹಚ್ಬೇಕು.”

ಕೂದಲು ಸರಿಸಿದೆ. ಒಂದು ಹನಿ ಬೆರಳಿಗೆ ಬಿಟ್ಟುಕೊಂಡೆ, ಅರ್ಧ ಅವಳ ಭುಜದ ಮೇಲೆ ಬಿತ್ತು. ಉರಿದರೆ ಹೇಳು ಅಂದೆ. ಕಣ್ಣು ಮುಚ್ಚಿಕೋ ಅಂದೆ. ಅವಳು ಮುಚ್ಚಲಿಲ್ಲ. ಹಚ್ಚಿ ಮುಗಿಯುವವರೆಗೂ ಕನ್ನಡಿಯೊಳಗಿಂದ ನನ್ನ ಮುಖವನ್ನೇ ನೋಡುತ್ತಿದ್ದಳು.